ರಾಜ ಬದಲಾದರೂ ಪೇಟೆ ಉಳಿದದ್ದು ಹೇಗೆ? ಫ್ರೆಂಚರ ತುಪ್ಪಳ ವ್ಯಾಪಾರದ ಊರು ಸೇಂಟ್ ಲೂಯಿಸ್ ಕುರಿತು ಒಂದು ಪ್ರಶ್ನೆ

ಕೋಟೆನಾಡಿನ ಮೇಷ್ಟ್ರು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದಲ್ಲಿ ಪದವಿಪೂರ್ವ ತರಗತಿಗಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಕರ್ನಾಟಿಕ್ ಯುದ್ಧಗಳನ್ನು ಮುಗಿಸಿ 1763ರ ಪ್ಯಾರಿಸ್ ಒಪ್ಪಂದಕ್ಕೆ ಬಂದಾಗ, ಪಾಂಡಿಚೇರಿ ಫ್ರೆಂಚರಿಗೆ ಮರಳಿ ಸಿಕ್ಕಿತು, ಉತ್ತರ ಅಮೆರಿಕದ ನೆಲ ಮಾತ್ರ ಅವರ ಕೈಬಿಟ್ಟಿತು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುವುದು ನನ್ನ ರೂಢಿ. ಈ ಸಲ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಹಾಗಾದರೆ ಅಲ್ಲಿದ್ದ ಫ್ರೆಂಚ್ ಜನ ಏನಾದರು ಸರ್?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ಬಂದವನು ಓದಲು ಕುಳಿತೆ. ಓದಿದಷ್ಟೂ ಪ್ರಶ್ನೆಗಳು ಹೆಚ್ಚಿದವೇ ಹೊರತು ಕಡಿಮೆಯಾಗಲಿಲ್ಲ.

ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಯ ಸೇಂಟ್ ಲೂಯಿಸ್ ಎಂಬ ಊರನ್ನು ಫ್ರೆಂಚರು ತುಪ್ಪಳದ ಚರ್ಮದ ವ್ಯಾಪಾರಕ್ಕಾಗಿ ಕಟ್ಟಿದ್ದು 1764ರಲ್ಲಿ, ಅಂದರೆ ಒಪ್ಪಂದಕ್ಕೆ ಸಹಿ ಬಿದ್ದು ಒಂದು ವರ್ಷ ಕಳೆದ ಮೇಲೆ. ತಮ್ಮದಲ್ಲದ ನೆಲದಲ್ಲಿ ಅವರು ಯಾರ ಅಪ್ಪಣೆಯಿಂದ ಊರು ಕಟ್ಟಿದರು? ನಮ್ಮ ದುರ್ಗದಂತೆ ಏಳು ಸುತ್ತಿನ ಕೋಟೆಯಾಗಲಿ, ದೊಡ್ಡ ದಂಡಾಗಲಿ ಇಲ್ಲದ ಆ ಊರು ಹತ್ತಾರು ವರ್ಷ ಹೇಗೆ ಉಳಿದುಕೊಂಡಿತು? ಪ್ರಾಣಿಗಳ ಚರ್ಮಕ್ಕಾಗಿ ಅಷ್ಟು ದೂರದಲ್ಲಿ ಒಂದು ಪೇಟೆಯನ್ನೇ ಕಟ್ಟುವಷ್ಟು ಲಾಭ ಅದರಲ್ಲಿತ್ತೇ? ಬಲ್ಲವರು ತಿಳಿಸಿಕೊಟ್ಟರೆ ಆ ಹುಡುಗಿಗೆ ಸರಿಯಾದ ಉತ್ತರ ಕೊಡಬಲ್ಲೆ.

ಮಂಡಿಪೇಟೆ ಓದುಗ, ದಾವಣಗೆರೆ

ಮೇಷ್ಟ್ರೇ, ಮೊದಲು ಅಪ್ಪಣೆಯ ವಿಷಯ. ನೀವು ಹೇಳಿದ 1763ರ ಫೆಬ್ರವರಿ 10ರ ಒಪ್ಪಂದದಲ್ಲಿ ಮಿಸಿಸಿಪ್ಪಿಯ ಪೂರ್ವ ದಂಡೆ ಬ್ರಿಟಿಷರ ಪಾಲಾಯಿತು. ಆದರೆ ಅದಕ್ಕೂ ಮೊದಲು, 1762ರ ನವೆಂಬರ್ 3ರಂದು, ಫಾಂಟೆನ್‌ಬ್ಲೋ ಎಂಬಲ್ಲಿ ನಡೆದ ಗುಟ್ಟಿನ ಒಪ್ಪಂದದಲ್ಲಿ ಫ್ರಾನ್ಸಿನ ಅರಸು ಪಶ್ಚಿಮ ದಂಡೆಯನ್ನೂ ನ್ಯೂ ಆರ್ಲಿಯನ್ಸ್ ಪಟ್ಟಣವನ್ನೂ ಸ್ಪೇನಿಗೆ ಬಿಟ್ಟುಕೊಟ್ಟಿದ್ದನು. ಈ ಎರಡನೆಯ ಸಂಗತಿ ಅಲ್ಲಿನ ಜನರಿಗಿರಲಿ, ಅಲ್ಲಿನ ಅಧಿಕಾರಿಗಳಿಗೂ 1764ರ ಕೊನೆಯ ಭಾಗದವರೆಗೆ ತಿಳಿದಿರಲಿಲ್ಲ. ಆದ್ದರಿಂದ ಊರು ಕಟ್ಟಿದವರು ಪೂರ್ವ ದಂಡೆ ಹೋಯಿತು, ಪಶ್ಚಿಮ ದಂಡೆ ಇನ್ನೂ ನಮ್ಮ ದೊರೆಯದೇ ಎಂದು ನಂಬಿಕೊಂಡೇ ಕಟ್ಟಿದರು. ಊರಿಗೆ ಇಟ್ಟ ಹೆಸರು ಆಳುತ್ತಿದ್ದ ಹದಿನೈದನೆಯ ಲೂಯಿಯ ಗೌರವಕ್ಕಾಗಿ, ಅವನ ಪೂರ್ವಜನೂ ಸಂತನೂ ಆದ ಒಂಬತ್ತನೆಯ ಲೂಯಿಯದು. ಹೆಸರಿಡುವಾಗ ಆ ನೆಲ ಕಾಗದದ ಮೇಲೆ ಸ್ಪೇನಿನದಾಗಿತ್ತು.

ಕಟ್ಟಿದವನು ಅರಸನ ಅಧಿಕಾರಿಯಲ್ಲ, ಒಬ್ಬ ವ್ಯಾಪಾರಿ ಎಂಬುದೇ ನಿಮ್ಮ ಎಲ್ಲ ಪ್ರಶ್ನೆಗಳಿಗೂ ಕೀಲಿಕೈ ಎಂದು ನನಗೆ ತೋರುತ್ತದೆ. ಪಿಯರ್ ಲಾಕ್ಲೇಡ್ ಫ್ರಾನ್ಸಿನ ಪಿರೆನೀಸ್ ಬೆಟ್ಟಸೀಮೆಯಲ್ಲಿ 1729ರಲ್ಲಿ ಹುಟ್ಟಿ, 1755ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಬಂದವನು. ಯುದ್ಧದಿಂದ ಬೊಕ್ಕಸ ಬರಿದಾಗಿದ್ದ ಅಲ್ಲಿನ ಸರ್ಕಾರ, ಮಿಸೌರಿ ನದಿಯ ಸೀಮೆಯ ಮೂಲನಿವಾಸಿಗಳೊಂದಿಗೆ ವ್ಯಾಪಾರ ಮಾಡುವ ಏಕಸ್ವಾಮ್ಯವನ್ನು ಮ್ಯಾಕ್ಸೆಂಟ್ ಎಂಬ ಸಾಹುಕಾರನಿಗೂ ಅವನ ಪಾಲುದಾರನಾದ ಲಾಕ್ಲೇಡನಿಗೂ ಬರೆದುಕೊಟ್ಟಿತು. ಬಂಡವಾಳ ಮ್ಯಾಕ್ಸೆಂಟನದು, ಮೈಮುರಿದು ಹೋಗುವ ಕೆಲಸ ಲಾಕ್ಲೇಡನದು. 1763ರ ಆಗಸ್ಟಿನಲ್ಲಿ ಸರಕು ತುಂಬಿದ ದೋಣಿಗಳೊಂದಿಗೆ ಹೊರಟವನು ಹೊಳೆಗೆ ಎದುರಾಗಿ ಸುಮಾರು ಮೂರು ತಿಂಗಳು ಸಾಗಿ, ನವೆಂಬರ್ ಆರಂಭದಲ್ಲಿ ಪೂರ್ವ ದಂಡೆಯ ಫೋರ್ಟ್ ದ ಶಾರ್ತ್ರ್ ಎಂಬ ಫ್ರೆಂಚ್ ಕೋಟೆಯನ್ನು ಮುಟ್ಟಿದನು. ಆ ಕೋಟೆ ಇಷ್ಟರಲ್ಲೇ ಬ್ರಿಟಿಷರಿಗೆ ಸೇರಲಿದೆ ಎಂದು ಗೊತ್ತಿದ್ದುದರಿಂದ ಸರಕನ್ನು ಅಲ್ಲಿ ತಾತ್ಕಾಲಿಕವಾಗಿ ಇಳಿಸಿ, ಡಿಸೆಂಬರ್‌ನಲ್ಲಿ ಪಶ್ಚಿಮ ದಂಡೆಯಲ್ಲಿ ಜಾಗ ಹುಡುಕಿದನು.

ಅವನು ಆರಿಸಿದ ಜಾಗವನ್ನು ನಕ್ಷೆಯಲ್ಲಿ ನೋಡಿದರೆ ವ್ಯಾಪಾರಿಯ ಕಣ್ಣು ಎಂಥದ್ದೆಂದು ತಿಳಿಯುತ್ತದೆ. ಮಿಸೌರಿ ನದಿ ಮಿಸಿಸಿಪ್ಪಿಯನ್ನು ಕೂಡುವ ಸಂಗಮಕ್ಕೆ ತೀರ ಹತ್ತಿರವಾದರೆ ನೆರೆಯ ಭಯ, ತೀರ ದೂರವಾದರೆ ಮಾಲು ಬೇರೆಯವರ ಕೈಸೇರುವ ಭಯ. ಸಂಗಮದಿಂದ ಸುಮಾರು 18 ಮೈಲಿ ಕೆಳಗೆ ಸುಣ್ಣಕಲ್ಲಿನ ದಿಬ್ಬವೊಂದು ಹೊಳೆಯ ಮಟ್ಟಕ್ಕಿಂತ ಎತ್ತರದಲ್ಲಿ ನಿಂತಿತ್ತು. ದೋಣಿ ಕಟ್ಟಲು ದಂಡೆ, ಮನೆಗೆ ಕಲ್ಲು, ಹಿಂಬದಿಗೆ ಮರ ಮತ್ತು ಹುಲ್ಲುಗಾವಲು ಎಲ್ಲವೂ ಅಲ್ಲಿದ್ದವು. 1764ರ ಫೆಬ್ರವರಿ ನಡುವಿನಲ್ಲಿ 30 ಮಂದಿ ಕೆಲಸಗಾರರನ್ನು ಕಳಿಸಿ ಕಾಡು ಕಡಿಸಿದನು. ಅವರ ಮೇಲ್ವಿಚಾರಣೆಗೆ ನೇಮಿಸಿದ್ದು ಒಗುಸ್ತ್ ಷೂಟೋ ಎಂಬ ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗನನ್ನು. ಆ ಹುಡುಗನೇ ಮುಂದೆ ಆ ಊರಿನ ಅತಿ ದೊಡ್ಡ ಸಾಹುಕಾರನಾದನು. ಆರಂಭದ ದಿನಗಳ ಬಗ್ಗೆ ಅವನು ಬರೆದಿಟ್ಟ ಪುಟಗಳಿಂದಲೇ ನಮಗೆ ಇಷ್ಟೆಲ್ಲ ವಿವರ ಸಿಕ್ಕಿದೆ.

ಇನ್ನು ದಂಡಿಲ್ಲದೆ ಊರು ಉಳಿದದ್ದು ಹೇಗೆ ಎಂಬ ಪ್ರಶ್ನೆ. 1765ರ ಅಕ್ಟೋಬರಿನಲ್ಲಿ ಫೋರ್ಟ್ ದ ಶಾರ್ತ್ರ್ ಅನ್ನು ಬ್ರಿಟಿಷರಿಗೆ ಒಪ್ಪಿಸಿದ ಸೇಂಟ್ ಆಂಜ್ ಎಂಬ ವೃದ್ಧ ಫ್ರೆಂಚ್ ಅಧಿಕಾರಿ ಬೆರಳೆಣಿಕೆಯ ಸೈನಿಕರೊಂದಿಗೆ ಹೊಳೆ ದಾಟಿ ಇಲ್ಲಿಗೆ ಬಂದನು. ಬ್ರಿಟಿಷರ ಆಳ್ವಿಕೆ ಬೇಡವೆಂದು ಪೂರ್ವ ದಂಡೆಯ ಕಹೋಕಿಯಾ, ಕಸ್ಕಾಸ್ಕಿಯಾ ಮುಂತಾದ ಹಳ್ಳಿಗಳ ಫ್ರೆಂಚ್ ಕುಟುಂಬಗಳೂ ಬಂದವು; ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಒಂದು ಉತ್ತರ ಇದು. ಯಾರಿಗೆ ಯಾವ ನಿವೇಶನ ಎಂಬುದನ್ನು 1766ರಿಂದ ಪುಸ್ತಕದಲ್ಲಿ ಬರೆದಿಡತೊಡಗಿದರು. ಸ್ಪೇನಿನ ಅಧಿಕಾರಿ ಪೆದ್ರೊ ಪಿಯೆರ್ನಾಸ್ ಬಂದು ಆಡಳಿತ ವಹಿಸಿಕೊಂಡದ್ದು 1770ರ ಮೇ ತಿಂಗಳಲ್ಲಿ. ನಡುವಿನ ಆ ವರ್ಷಗಳಲ್ಲಿ ಫ್ರಾನ್ಸಿನ ಅಧಿಕಾರ ಮುಗಿದಿತ್ತು, ಸ್ಪೇನಿನದು ಊರೊಳಗೆ ನೆಲೆಯೂರಿರಲಿಲ್ಲ. ಆದರೂ ಊರು ನಡೆಯಿತು. ನಡೆಸಿದ್ದು ಉದ್ರಿ.

ನಮ್ಮ ತಾತನವರದು ದಲಾಲಿ ಮಂಡಿ. ಬಿತ್ತನೆಯ ಹೊತ್ತಿಗೆ ರೈತರಿಗೆ ಮುಂಗಡ ಕೊಟ್ಟು, ಸುಗ್ಗಿಯಲ್ಲಿ ಮಾಲು ತಂದಾಗ ಕಿರ್ದಿ ಖಾತೆಯಲ್ಲಿ ಮುರಿದುಕೊಳ್ಳುತ್ತಿದ್ದ ಆ ಲೆಕ್ಕದ ಪುಸ್ತಕಗಳನ್ನು ನೋಡುತ್ತ ಬೆಳೆದ ನನಗೆ ಸೇಂಟ್ ಲೂಯಿಸಿನ ವ್ಯವಹಾರ ಅಪರಿಚಿತವೆನಿಸಲಿಲ್ಲ. ಚಳಿಗಾಲದ ಬೇಟೆಗೆ ಮುಂಚೆ ಬಂದೂಕು, ಮದ್ದು, ಗುಂಡು, ಕಂಬಳಿ, ತಾಮ್ರದ ಪಾತ್ರೆ, ಚಾಕು, ಮಣಿ, ಕುಂಕುಮದ ಬಣ್ಣದ ಪುಡಿ ಇವೆಲ್ಲವನ್ನೂ ವ್ಯಾಪಾರಿ ಉದ್ರಿ ಕೊಡುತ್ತಿದ್ದನು. ವಸಂತದಲ್ಲಿ ಚರ್ಮದ ಕಟ್ಟುಗಳು ಬಂದಾಗ ಸಾಲ ತೀರುತ್ತಿತ್ತು. ಆ ವ್ಯಾಪಾರಿಯೂ ನ್ಯೂ ಆರ್ಲಿಯನ್ಸಿನ ಸಾಹುಕಾರನಿಗೆ ಸಾಲಗಾರ, ಆ ಸಾಹುಕಾರನು ಯುರೋಪಿನ ಸರಕಿನವನಿಗೆ ಸಾಲಗಾರ. ನಾಣ್ಯ ಅಪರೂಪವಾಗಿದ್ದುದರಿಂದ ಊರೊಳಗೆ ಮನೆ ಕೊಂಡರೂ ಜಿಂಕೆಯ ಚರ್ಮದ ಲೆಕ್ಕದಲ್ಲೇ ಬೆಲೆ ಕಟ್ಟುತ್ತಿದ್ದರು. ಇಂತಹ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎಲ್ಲರಿಗೂ ನಷ್ಟವಾದ್ದರಿಂದ, ಮೇಲೆ ಯಾರ ಬಾವುಟ ಹಾರಿದರೂ ವ್ಯಾಪಾರ ನಿಲ್ಲಬಾರದೆಂಬುದು ಎಲ್ಲರ ಅಗತ್ಯವಾಗಿತ್ತು.

ಈ ಜನ ಬೇಸಾಯಕ್ಕಿಂತ ವ್ಯಾಪಾರಕ್ಕೇ ಹೆಚ್ಚು ಗಮನ ಕೊಟ್ಟದ್ದರಿಂದ ಧಾನ್ಯ ಸಾಲದೆ, ನೆರೆಯೂರಿನವರು ಸೇಂಟ್ ಲೂಯಿಸನ್ನು ಪೇನ್ ಕೂರ್, ಅಂದರೆ ರೊಟ್ಟಿ ಸಾಲದ ಊರು, ಎಂದು ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಹತ್ತಿರದ ಇನ್ನೊಂದು ಹಳ್ಳಿಗೆ ಖಾಲಿ ಜೇಬು ಎಂಬ ಅಡ್ಡಹೆಸರಿತ್ತು.

ಚಳ್ಳಕೆರೆ ಕಂಬಳಿ

ಮೇಷ್ಟ್ರ ಮೂರನೆಯ ಪ್ರಶ್ನೆಗೆ, ಅಂದರೆ ಚರ್ಮದಲ್ಲಿ ಅಂಥದ್ದೇನಿತ್ತು ಎಂಬುದಕ್ಕೆ, ಉಣ್ಣೆಯ ಕಸುಬಿನ ಮನೆಯವನಾಗಿ ಎರಡು ಮಾತು ಸೇರಿಸುತ್ತೇನೆ.

ಯುರೋಪಿನಲ್ಲಿ ಗೌರವಸ್ಥರೆಲ್ಲ ಧರಿಸುತ್ತಿದ್ದ ಟೋಪಿ ಬೀವರ್ ಎಂಬ ಪ್ರಾಣಿಯ ತುಪ್ಪಳದಿಂದ ಆಗುತ್ತಿತ್ತು. ಬೀವರ್ ಹೊಳೆಗೆ ಅಡ್ಡಲಾಗಿ ಮರ ಕೆಡವಿ ಒಡ್ಡು ಕಟ್ಟಿಕೊಂಡು ನೀರಿನಲ್ಲಿ ಬಾಳುವ ದೊಡ್ಡ ದಂಶಕ. ಅದರ ಮೈಮೇಲೆ ಎರಡು ಬಗೆಯ ಕೂದಲಿದೆ: ಹೊರಗಿನದು ಉದ್ದವಾಗಿ ಬಿರುಸಾಗಿದ್ದರೆ, ಒಳಗಿನದು ಮೃದುವಾಗಿ ಒತ್ತಾಗಿರುತ್ತದೆ. ಒಳಗೂದಲಿನ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿದ್ದು, ಬಿಸಿ, ತೇವ, ಒತ್ತಡ ಸೇರಿದಾಗ ಎಳೆಗಳು ಒಂದನ್ನೊಂದು ಬಿಡದಂತೆ ಹಿಡಿದುಕೊಳ್ಳುತ್ತವೆ. ನೂಲದೆ, ನೇಯದೆ, ಒತ್ತಿಯೇ ಮಾಡುವ ಆ ಬಟ್ಟೆಗೆ ಫೆಲ್ಟ್ ಎಂದು ಹೆಸರು. ನಮ್ಮ ಕಡೆ ಕುರಿಯ ಉಣ್ಣೆಯನ್ನು ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿರುಸು ಮಾಡಿ, ಮಗ್ಗದಲ್ಲಿ ನೇಯುತ್ತೇವೆ. ಬೀವರ್ ತುಪ್ಪಳಕ್ಕೆ ಈ ಯಾವುದೂ ಬೇಡ. ಮಳೆಯಲ್ಲಿ ನೆನೆದರೂ ಆಕಾರ ಕೆಡದ ಟೋಪಿ ಅದರಿಂದ ಆಗುತ್ತಿತ್ತು. ಯುರೋಪಿನ ಬೀವರ್‌ಗಳು ಬೇಟೆಯಿಂದ ಬಹುತೇಕ ಮುಗಿದುಹೋಗಿದ್ದರಿಂದ ಅಮೆರಿಕದ ತುಪ್ಪಳಕ್ಕೆ ಅಷ್ಟು ಬೆಲೆ ಬಂತು.

ಮೂಲನಿವಾಸಿಗಳು ಒಂದೆರಡು ಚಳಿಗಾಲ ಹೊದ್ದು ಬಿಟ್ಟ ಬೀವರ್ ಹೊದಿಕೆಗೆ ಹೊಸ ಚರ್ಮಕ್ಕಿಂತ ಹೆಚ್ಚು ಬೆಲೆಯಿತ್ತು ಎಂದು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಕಾರಣ ಸರಳ. ಹೊದ್ದು ತಿರುಗಿದ್ದರಿಂದ ಹೊರಗಿನ ಬಿರುಸು ಕೂದಲು ತಾನಾಗಿ ಉದುರಿ, ಮೈಯ ಜಿಡ್ಡು ಹತ್ತಿ, ಒಳಗೂದಲು ಟೋಪಿಗೆ ಹದವಾಗಿರುತ್ತಿತ್ತು. ಟೋಪಿ ಮಾಡುವವರು ಹೊಸ ತುಪ್ಪಳಕ್ಕೆ ಪಾದರಸದ ದ್ರಾವಣ ಹಚ್ಚಿ ಅದೇ ಹದ ತರುವ ವಿಧಾನ ಕಂಡುಕೊಂಡರು. ಅದರ ಹೊಗೆ ಕುಡಿದು ಕೈನಡುಕ, ಬುದ್ಧಿಭ್ರಮಣೆಗೆ ತುತ್ತಾದ ಕೆಲಸಗಾರರ ಪಾಡು ಈ ವ್ಯಾಪಾರದ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಆದರೆ ಸೇಂಟ್ ಲೂಯಿಸಿನ ಮೊದಲ ದಶಕಗಳಲ್ಲಿ ಅತಿ ಹೆಚ್ಚು ರಾಶಿ ಬೀಳುತ್ತಿದ್ದದ್ದು ಬೀವರ್ ಅಲ್ಲ, ಜಿಂಕೆಯ ಚರ್ಮ. ಯುರೋಪಿನಲ್ಲಿ ಅದು ಷರಾಯಿ, ಕೈಗವಸು, ಪುಸ್ತಕದ ಹೊದಿಕೆಗಳಿಗೆ ಹೋಗುತ್ತಿತ್ತು. ಬೇಟೆ ಗಂಡಸರ ಕೆಲಸವಾದರೆ, ಚರ್ಮವನ್ನು ಮಾಲಾಗಿಸುವುದು ಹೆಂಗಸರ ಕೆಲಸ: ಮಾಂಸ ಕೆರೆದು, ಕೂದಲು ತೆಗೆದು, ಪ್ರಾಣಿಯ ಮಿದುಳನ್ನೇ ಉಜ್ಜಿ ಮೃದುಗೊಳಿಸಿ, ಹೊಗೆ ಹಿಡಿಸಿ ಹದ ಮಾಡುವುದಕ್ಕೆ ದಿನಗಟ್ಟಲೆ ಬೇಕು. ಬೇಟೆಗಾರ ಎಷ್ಟೇ ಜಿಂಕೆ ಹೊಡೆದರೂ ಮನೆಯ ಹೆಂಗಸರ ಕೈ ಎಷ್ಟು ಚರ್ಮ ಹದ ಮಾಡಬಲ್ಲದೋ ಅಷ್ಟೇ ಮಾರಾಟಕ್ಕೆ ಸಿಗುತ್ತಿತ್ತು. ವ್ಯಾಪಾರಿಗಳು ಸರಕಿನಲ್ಲಿ ಸೂಜಿ, ದಬ್ಬಳ, ಪಾತ್ರೆಗಳನ್ನು ಅಷ್ಟೊಂದು ತರುತ್ತಿದ್ದುದು ಈ ಕಾರಣಕ್ಕೇ. ಊರು ಕಟ್ಟುವಾಗಲೂ ಹೀಗೆಯೇ ಆಯಿತು. 1764ರಲ್ಲಿ ಮಿಸೌರಿಯಾ ಬುಡಕಟ್ಟಿನವರು ನೂರಾರು ಮಂದಿ ಬಂದು ಬೀಡುಬಿಟ್ಟಾಗ, ಲಾಕ್ಲೇಡನ ಮನೆಯ ನೆಲಮಾಳಿಗೆಯನ್ನು ತೋಡಿ ಮಣ್ಣು ಹೊತ್ತವರು ಆ ಹೆಂಗಸರು ಮತ್ತು ಮಕ್ಕಳು, ಕೂಲಿಯಾಗಿ ಪಡೆದದ್ದು ಕೆಂಬಣ್ಣದ ಪುಡಿ, ದಬ್ಬಳ ಮುಂತಾದವನ್ನು. ಷೂಟೋ ಇದನ್ನು ಬರೆದಿಟ್ಟಿದ್ದಾನೆ.

ಕೋಟೆನಾಡಿನ ಮೇಷ್ಟ್ರು, ಚಿತ್ರದುರ್ಗ

ಇಬ್ಬರಿಗೂ ಮನಸಾರೆ ವಂದನೆಗಳು. ಮಂಡಿಪೇಟೆಯವರ ಬರಹ ಓದುವಾಗ ನಿಮ್ಮ ದಾವಣಗೆರೆಯೇ ನೆನಪಾಯಿತು. ಹೈದರಾಲಿಯು ದಾವಣಗೆರೆಯನ್ನು ಅಪೋಜಿರಾಮ ಎಂಬ ಮರಾಠಾ ಮುಖಂಡನಿಗೆ ಜಹಗೀರು ಕೊಟ್ಟನೆಂದೂ, ಅವನು ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದ್ದರಿಂದ ಸಣ್ಣ ಹಳ್ಳಿ ಪೇಟೆಯಾಯಿತೆಂದೂ, ಅವನು ವಾರಸುದಾರರಿಲ್ಲದೆ ತೀರಿಕೊಂಡ ಮೇಲೂ ಪೇಟೆ ಬೆಳೆಯುತ್ತಲೇ ಹೋಯಿತೆಂದೂ ಗ್ಯಾಸೆಟಿಯರಿನಲ್ಲಿದೆ. ಎರಡೂ ಹದಿನೆಂಟನೆಯ ಶತಮಾನದವು, ಎರಡೂ ಆಳುವವರು ಬದಲಾದರೂ ಉಳಿದ ಪೇಟೆಗಳು. ಈ ಹೋಲಿಕೆಯನ್ನು ತರಗತಿಯಲ್ಲಿ ಹೇಳಬಹುದೇ? ಹಾಗೆಯೇ, ಬ್ರಿಟಿಷರಂತಲ್ಲದೆ ಫ್ರೆಂಚರು ಮೂಲನಿವಾಸಿಗಳೊಂದಿಗೆ ಸ್ನೇಹದಿಂದ ಬಾಳಿದರು ಎಂದು ಹಲವೆಡೆ ಬರೆದಿರುವುದು ಎಷ್ಟರ ಮಟ್ಟಿಗೆ ನಿಜ?

ಹೊಳೆದಂಡೆ, ಹರಿಹರ

ಸರ್, ಹೋಲಿಕೆಯನ್ನು ಹೇಳಿ, ಆದರೆ ಅದು ಎಲ್ಲಿ ಮುರಿಯುತ್ತದೆ ಎಂಬುದನ್ನೂ ಹೇಳಿ ಎಂದು ಕೇಳಿಕೊಳ್ಳುತ್ತೇನೆ. ದಾವಣಗೆರೆಯ ಪೇಟೆಗೆ ಮಾಲು ತಂದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಸುತ್ತಲಿನ ಹಳ್ಳಿಗಳಲ್ಲಿದ್ದಾರೆ. ಸೇಂಟ್ ಲೂಯಿಸಿಗೆ ಮಾಲು ತಂದವರು ಇಂದು ಅಲ್ಲಿಲ್ಲ.

ಮಂಡಿಪೇಟೆಯವರು ಊರನ್ನು ಉದ್ರಿ ಉಳಿಸಿತು ಎಂದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಊರನ್ನು ಉಳಿಸಿದವರು ಒಸೇಜರು. ಮಿಸೌರಿಯ ದಕ್ಷಿಣಕ್ಕಿರುವ ಒಸೇಜ್ ನದಿಯ ಮೇಲ್ಭಾಗದಲ್ಲಿದ್ದ ಈ ಜನ ಆ ಸೀಮೆಯಲ್ಲೇ ಪ್ರಬಲರು. ಸೇಂಟ್ ಲೂಯಿಸಿಗೆ ಬರುವ ಚರ್ಮದಲ್ಲಿ ದೊಡ್ಡ ಪಾಲು ಅವರದು. ಬಂದೂಕುಗಳು ತಮ್ಮನ್ನು ದಾಟಿ ಪಶ್ಚಿಮದ ಪಾನಿ, ವಿಚಿಟಾ ಜನರ ಕೈಸೇರದಂತೆ ಅವರು ತಡೆಯುತ್ತಿದ್ದರು. ವ್ಯಾಪಾರದ ನಿಯಮವನ್ನು ಫ್ರೆಂಚರಿಗಿಂತ ಹೆಚ್ಚಾಗಿ ಅವರೇ ಹಾಕುತ್ತಿದ್ದರು. 1790ರ ದಶಕದ ಆರಂಭದಲ್ಲಿ ಸ್ಪೇನಿನ ಗವರ್ನರ್ ಕರೋಂಡಲೆ ಅವರ ಮೇಲೆ ಯುದ್ಧ ಸಾರಿದನಾದರೂ ಅದನ್ನು ನಡೆಸುವ ಬಲವಿಲ್ಲದೆ, 1794ರಲ್ಲಿ ಒಗುಸ್ತ್ ಷೂಟೋನೊಂದಿಗೆ ಕರಾರು ಮಾಡಿಕೊಂಡು, ಒಸೇಜರ ಊರಿನ ಬಳಿ ಕೋಟೆ ಕಟ್ಟಿಕೊಡುವುದಕ್ಕೆ ಬದಲಾಗಿ ಆರು ವರ್ಷಗಳ ವ್ಯಾಪಾರದ ಏಕಸ್ವಾಮ್ಯ ಕೊಡಬೇಕಾಯಿತು. ಒಗುಸ್ತನ ತಮ್ಮ ಪಿಯರ್ ಷೂಟೋ ಒಸೇಜರ ನಡುವೆಯೇ ಬಹುಕಾಲ ಇದ್ದು ಅವರ ಭಾಷೆಯನ್ನು ಬಲ್ಲವನಾಗಿದ್ದನು. ವ್ಯಾಪಾರಿಗಳಲ್ಲಿ ಅನೇಕರು ಒಸೇಜ್ ಹೆಂಗಸರೊಂದಿಗೆ ಸಂಸಾರ ಹೂಡಿದ್ದರು. ಅಲ್ಲಿ ಬೀಗತನವಿಲ್ಲದೆ ಬೇಹಾರವಿರಲಿಲ್ಲ. ಇದನ್ನು ಸ್ನೇಹವೆಂದರೆ ತಪ್ಪಲ್ಲ, ಆದರೆ ಅದು ಫ್ರೆಂಚರ ಒಳ್ಳೆಯತನದಿಂದಲ್ಲ, ಬಲದ ಲೆಕ್ಕಾಚಾರದಿಂದ ಹುಟ್ಟಿದ ಸ್ನೇಹ.

ಆ ಲೆಕ್ಕಾಚಾರ ಬದಲಾದ ದಿನ ಸ್ನೇಹವೂ ಬದಲಾಯಿತು. 1804ರಲ್ಲಿ ಊರು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿತು. 1808ರ ನವೆಂಬರಿನಲ್ಲಿ ಒಸೇಜರು ಇಂದಿನ ಮಿಸೌರಿ ರಾಜ್ಯದ ಬಹುಭಾಗವನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಒಳಗಾದರು. ಆ ಒಪ್ಪಂದವನ್ನು ಸರ್ಕಾರದ ಪರವಾಗಿ ಅವರ ಮುಂದಿಟ್ಟವನು ಅದೇ ಪಿಯರ್ ಷೂಟೋ. ಅವರ ನಡುವೆ ಉಂಡು ಮಲಗಿದವನೇ ಆ ಕಾಗದ ತಂದನೆಂಬುದನ್ನು ಓದಿದಾಗ ನನಗೆ ಬಹಳ ನೋವಾಯಿತು. 1825ರಲ್ಲಿ ಉಳಿದದ್ದೂ ಹೋಯಿತು. ಕಾನ್ಸಸ್‌ಗೆ, ಅಲ್ಲಿಂದ 1870ರ ದಶಕದಲ್ಲಿ ಇಂದಿನ ಓಕ್ಲಹೋಮಕ್ಕೆ ಅವರು ಗುಳೆ ಹೋಗಬೇಕಾಯಿತು. ನೆಲಮಾಳಿಗೆ ತೋಡಿದ ಮಿಸೌರಿಯಾ ಜನರ ಹೆಸರು ನದಿಗೂ ರಾಜ್ಯಕ್ಕೂ ಉಳಿದಿದೆ, ಅವರ ವಂಶಸ್ಥರು ಓಟೋ ಜನರೊಂದಿಗೆ ಒಂದಾಗಿ ಓಕ್ಲಹೋಮದಲ್ಲಿದ್ದಾರೆ.

ಇನ್ನೊಂದನ್ನು ತರಗತಿಯಲ್ಲಿ ಬಿಡಬೇಡಿ. ಆ ಊರಿನಲ್ಲಿ ಗುಲಾಮರಿದ್ದರು, ಆಫ್ರಿಕಾ ಮೂಲದವರೂ, ಮೂಲನಿವಾಸಿಗಳೂ. ಸ್ಪೇನಿನ ಗವರ್ನರ್ ಓರೈಲಿ 1769ರಲ್ಲಿ ಮೂಲನಿವಾಸಿಗಳನ್ನು ಗುಲಾಮರಾಗಿ ಕೊಂಡು ಮಾರುವುದನ್ನು ನಿಷೇಧಿಸಿದರೂ, ಆಗಲೇ ಇದ್ದವರ ಬಿಡುಗಡೆಯಾಗಲಿಲ್ಲ. ಸಿಪಿಯೋನ್ ಎಂಬ ಮನೆತನದ ಹೆಣ್ಣುಮಕ್ಕಳು ತಮ್ಮ ಅಜ್ಜಿ ನಾಚೆಜ್ ಬುಡಕಟ್ಟಿನವಳಾದ್ದರಿಂದ ತಮ್ಮನ್ನು ಗುಲಾಮರೆನ್ನುವುದು ಸಲ್ಲದೆಂದು 1805ರಲ್ಲಿ ನ್ಯಾಯಾಲಯಕ್ಕೆ ಹೋದರು. ಬಿಡುಗಡೆಯ ತೀರ್ಪು ಬಂದದ್ದು 1836ರಲ್ಲಿ. ಮಾರ್ಗರೀಟ್ ಎಂಬಾಕೆಯ ಆ ಮೊಕದ್ದಮೆಯಲ್ಲಿ ಎದುರುಪಕ್ಷದವನು ಮತ್ತೆ ಪಿಯರ್ ಷೂಟೋ.

ಮಂಡಿಪೇಟೆ ಓದುಗ, ದಾವಣಗೆರೆ

ಹರಿಹರದ ಮೇಡಂ ಅವರು ತಿದ್ದಿದ್ದು ಸರಿಯಾಗಿದೆ. ಉದ್ರಿ ಕೊಡುವವನ ಖಾತೆಯನ್ನು ಮಾತ್ರ ನಾನು ನೋಡಿದೆ, ತೆಗೆದುಕೊಂಡವರ ಕಡೆಯಿಂದ ನೋಡಲಿಲ್ಲ. ಮಿಸೌರಿಯಾ ಜನರನ್ನು ಹಿಂದಕ್ಕೆ ಕಳಿಸಿದ ಪ್ರಸಂಗದಲ್ಲೇ ಅದರ ಸುಳಿವಿದೆ. ನೀರು ಕಂಡಲ್ಲಿ ಇಳಿಯುವ ಬಾತುಗಳಂತೆ ನಾವು ಬಂದಿದ್ದೇವೆ, ನಿಮ್ಮ ಪಕ್ಕದಲ್ಲೇ ಊರು ಮಾಡಿಕೊಳ್ಳುತ್ತೇವೆ ಎಂದು ಅವರು ಕೇಳಿಕೊಂಡಾಗ, ಬಯಲು ನೀರಿನಲ್ಲಿ ಕುಳಿತ ಬಾತುಗಳು ಹದ್ದಿನ ಕಣ್ಣಿಗೆ ಬೀಳುತ್ತವೆ ಎಂದು ಹೇಳಿ, ಶತ್ರುಗಳ ಭಯ ತೋರಿಸಿ, ಉಡುಗೊರೆ ಕೊಟ್ಟು ಲಾಕ್ಲೇಡ್ ಅವರನ್ನು ಸಾಗಹಾಕಿದನೆಂದು ಷೂಟೋ ಬರೆದಿದ್ದಾನೆ. ಅವರ ಕೈಯ ಚರ್ಮ ಬೇಕಿತ್ತು, ನೆರೆಹೊರೆ ಬೇಕಿರಲಿಲ್ಲ.

ಲಾಕ್ಲೇಡನಿಗೂ ಈ ವ್ಯಾಪಾರ ದಕ್ಕಲಿಲ್ಲ. ಏಕಸ್ವಾಮ್ಯ ಕೆಲವೇ ವರ್ಷಗಳಲ್ಲಿ ಕೈತಪ್ಪಿತು. 1778ರ ಮೇ ತಿಂಗಳಲ್ಲಿ ನ್ಯೂ ಆರ್ಲಿಯನ್ಸಿನಿಂದ ಮರಳುವಾಗ ದಾರಿಯಲ್ಲೇ ತೀರಿಕೊಂಡಾಗ ಅವನ ಮೇಲೆ ಮ್ಯಾಕ್ಸೆಂಟನ ಸಾಲವಿತ್ತು. ಅವನೊಂದಿಗೆ ಬಾಳಿದ ಮೇರಿ ತೆರೆಸ್ ಬೂರ್ಜ್ವಾ, ಒಗುಸ್ತನ ತಾಯಿ, ಬಿಟ್ಟುಹೋಗಿದ್ದ ಮೊದಲ ಗಂಡನಿಂದ ವಿಚ್ಛೇದನ ಸಾಧ್ಯವಿಲ್ಲದ್ದರಿಂದ, ಲಾಕ್ಲೇಡನಿಂದ ಪಡೆದ ನಾಲ್ವರು ಮಕ್ಕಳಿಗೂ ಷೂಟೋ ಎಂಬ ಹೆಸರನ್ನೇ ಉಳಿಸಿದಳು. ಆದ್ದರಿಂದ ಊರಿನ ಸಂಸ್ಥಾಪಕನ ಹೆಸರು ಅವನ ಮಕ್ಕಳಿಗಿಲ್ಲ. ಆಸ್ತಿಯನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡು ನೋಡಿಕೊಂಡ ಆಕೆ 1814ರವರೆಗೆ ಬದುಕಿದ್ದಳು.

ಮೇಷ್ಟ್ರೇ, ತರಗತಿಗೆ ಅಪೋಜಿರಾಮನಿಗಿಂತ ಗಟ್ಟಿಯಾದ ಕೊಂಡಿ ಇನ್ನೊಂದಿದೆ. 1780ರ ಮೇ 26ರಂದು ಬ್ರಿಟಿಷರ ಪ್ರೇರಣೆಯಿಂದ ಉತ್ತರದ ಸರೋವರಗಳ ಕಡೆಯಿಂದ ಬಂದ ಸೂ, ಸಾಕ್, ಫಾಕ್ಸ್ ಮುಂತಾದ ಬುಡಕಟ್ಟುಗಳ ದೊಡ್ಡ ಪಡೆ ಸೇಂಟ್ ಲೂಯಿಸಿನ ಮೇಲೆ ಬಿತ್ತು. ಸ್ಪೇನಿನ ಅಧಿಕಾರಿ ಫೆರ್ನಾಂಡೊ ದ ಲೇಬಾ ತರಾತುರಿಯಲ್ಲಿ ಕಟ್ಟಿಸಿದ್ದ ಒಂದು ಕಲ್ಲಿನ ಬುರುಜಿನ ಮೇಲಿನ ಫಿರಂಗಿಗಳಿಂದ ಊರು ಉಳಿಯಿತು. ಹೊಲದಲ್ಲಿದ್ದವರು ಅನೇಕರು ಸತ್ತರು ಇಲ್ಲವೇ ಸೆರೆಯಾದರು. ಅದೇ ವರ್ಷದ ಜುಲೈನಲ್ಲಿ ಹೈದರಾಲಿ ಬ್ರಿಟಿಷರ ವಿರುದ್ಧ ಕರ್ನಾಟಿಕ್ ಸೀಮೆಗೆ ಇಳಿದನು, ಹಿಂದಿನ ವರ್ಷವಷ್ಟೇ ಮದಕರಿ ನಾಯಕನ ದುರ್ಗ ಅವನ ವಶವಾಗಿತ್ತು. ಬ್ರಿಟಿಷರ ಮೇಲೆ ಹೈದರನು ಸಿಟ್ಟಾಗಲು ಒಂದು ಕಾರಣ ಅವರು ಫ್ರೆಂಚರ ಮಾಹೆಯನ್ನು 1779ರಲ್ಲಿ ಹಿಡಿದದ್ದು; ಮಾಹೆಯನ್ನು ಹಿಡಿಯಲು ಕಾರಣ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಫ್ರಾನ್ಸ್ ಇಳಿದದ್ದು. ಮಿಸಿಸಿಪ್ಪಿಯ ಆ ಬುರುಜಿಗೂ ನಮ್ಮ ಸೀಮೆಯ ದಂಡಿನ ದಾರಿಗೂ ಒಂದೇ ಯುದ್ಧದ ನಂಟಿದೆ.

ಹಲಗೆಯ ಮೇಲೆ ಊರಿನ ನಕ್ಷೆ ಬರೆಯುವುದಾದರೆ ಹೊಳೆಗೆ ಸಮಾನಾಂತರವಾಗಿ ಮೂರು ಬೀದಿ ಎಳೆಯಿರಿ: ದೊಡ್ಡ ಬೀದಿ, ಚರ್ಚಿನ ಬೀದಿ, ಕಣಜದ ಬೀದಿ. ಹಿಂದೆ ಉದ್ದುದ್ದನೆಯ ಪಟ್ಟಿಗಳಾಗಿ ಹೊಲಗಳು. ಮರದ ಕಂಬಗಳನ್ನು ಒತ್ತೊತ್ತಾಗಿ ನೇರವಾಗಿ ನೆಲದಲ್ಲಿ ಹುಗಿದು, ಸಂದುಗಳಿಗೆ ಮಣ್ಣು ಮೆತ್ತಿ ಕಟ್ಟಿದ ಮನೆಗಳು. 1800ರ ಹೊತ್ತಿಗೂ ಜನಸಂಖ್ಯೆ ಸುಮಾರು 1000 ಮಾತ್ರ. ಆ ಮನೆಗಳಲ್ಲಿ ಒಂದೂ ಇಂದು ನಿಂತಿಲ್ಲ. 1849ರ ಬೆಂಕಿಯಲ್ಲಿ ಹೊಳೆದಂಡೆಯ ಹಲವು ಬೀದಿಗಳು ಸುಟ್ಟವು. 1939ರಿಂದ ಸ್ಮಾರಕಕ್ಕಾಗಿ ಇಡೀ ದಂಡೆಯನ್ನು ನೆಲಸಮ ಮಾಡಿದರು, 1965ರಲ್ಲಿ ಅಲ್ಲಿ 630 ಅಡಿ ಎತ್ತರದ ಉಕ್ಕಿನ ಕಮಾನು ಎದ್ದಿತು. ಆದರೆ 2013ರಿಂದೀಚೆಗೆ ಹೆದ್ದಾರಿ ಸೇತುವೆಯ ಕೆಲಸಕ್ಕೆ ಮುಂಚೆ ಅದರ ಬಳಿ ಅಗೆದು ನೋಡಿದ ಪುರಾತತ್ತ್ವಜ್ಞರಿಗೆ ಆ ಕಂಬಗಳನ್ನು ಹುಗಿಯಲು ತೋಡಿದ್ದ ಕಾಲುವೆಗಳ ಗುರುತು, ಮಣ್ಣಿನ ಬಣ್ಣದ ವ್ಯತ್ಯಾಸವಾಗಿ, ಸಿಕ್ಕಿದೆ.